ಮಾನ್ವಿಯ ಹಿತ್ತಲಲ್ಲಿ ಬ್ರೆಡ್ಡಿನ ಒಲೆ

“ಅಪ್ಪಾ, ಒಲೆ ಬಾಗಿಲು ಯಾರು ತೆಗೆದ್ರು?”

ರಾಯಚೂರು ಸ್ಟೇಷನ್ನಿನಲ್ಲಿ ರೈಲಿಳಿದು ಎರಡು ಹೆಜ್ಜೆ ಇಟ್ಟಿರಲಿಲ್ಲ, ನನ್ನ ನಾಲ್ಕು ವರ್ಷದ ಮಗ ರವಿ ಹೀಗೆ ಕೇಳಿದ. ಎಪ್ಪತ್ತರ ದಶಕದ ಕೊನೆಯ ಒಂದು ಮೇ ತಿಂಗಳು, ಮಟಮಟ ಮಧ್ಯಾಹ್ನ. ಅವನು ತಮಾಷೆಗೆ ಕೇಳಿದ್ದಲ್ಲ. ಅವನು ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಪೇಟೆಯಲ್ಲಿ, ತಾತನ ಬೇಕರಿಯ ಹಿಂದಿನ ಮನೆಯಲ್ಲಿ. ಬ್ರೆಡ್ ಸುಡುವ ದೊಡ್ಡ ಒಲೆಯ ಬಾಗಿಲು ತೆಗೆದಾಗ ಮುಖಕ್ಕೆ ರಪ್ಪೆಂದು ಬಡಿಯುವ ಕಾವು ಅವನಿಗೆ ಚೆನ್ನಾಗಿ ಗೊತ್ತು. ಕಾವು ಇದ್ದ ಮೇಲೆ ಬಾಗಿಲೂ ಇರಬೇಕು, ಯಾರಾದರೂ ಹೋಗಿ ಅದನ್ನು ಮುಚ್ಚಬಹುದು ಎಂದು ಅವನ ತಿಳಿವಳಿಕೆ. ಸುತ್ತ ನೋಡಿದ, ಬಾಗಿಲು ಕಾಣಲಿಲ್ಲ. ನನ್ನ ಮುಖ ನೋಡಿದ. ಅಷ್ಟರಲ್ಲಿ ಏಳು ವರ್ಷದ ಮಗಳು ಗೀತಾ ಕಲ್ಲುಬೆಂಚಿನ ಮೇಲೆ ಕೂರಲು ಹೋಗಿ ಚಿಟ್ಟನೆ ಚೀರಿ ಎದ್ದು ನಿಂತಳು.

ನಾವು ಅಲ್ಲಿಗೆ ಹೋದದ್ದು ನನ್ನ ಹೆಂಡತಿ ವಿಮಲಾಳ ಕೆಲಸದ ಸಲುವಾಗಿ. ಅವಳಿಗೆ ಮಾನ್ವಿಯ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಗಂಡನ ಕೆಲಸದ ಹಿಂದೆ ಹೆಂಡತಿ ಹೋಗುವುದನ್ನು ನಮ್ಮೂರಲ್ಲಿ ನೀವೆಲ್ಲ ನೋಡಿದ್ದೀರಿ. ಹೆಂಡತಿಯ ಕೆಲಸದ ಹಿಂದೆ ಗಂಡ ಟ್ರಂಕು ಹೊತ್ತು ಹೊರಟದ್ದನ್ನು ನೋಡಲು ನಮ್ಮ ಬೀದಿಯವರು ಬಾಗಿಲಿಗೇ ಬಂದಿದ್ದರು. ನಾನು ಬೇಕರಿಯವನ ಎರಡನೆಯ ಮಗ. ಅಪ್ಪನಿಗೆ ವಯಸ್ಸಾಗಿ ಒಲೆ ಅಣ್ಣನ ಪಾಲಿಗೆ ಹೋಗಿತ್ತು. ಗಣಿಯಲ್ಲಿ ಚಿನ್ನ ಕಡಿಮೆಯಾದ ಹಾಗೆ ಬ್ರೆಡ್ ಕೊಳ್ಳುವವರೂ ಕಡಿಮೆಯಾಗಿ, ಒಂದು ಒಲೆಯ ಮುಂದೆ ಎರಡು ಸಂಸಾರ ಕೂರುವ ಹಾಗಿರಲಿಲ್ಲ.

ಹೊರಡುವಾಗ ನನ್ನ ಅಮ್ಮ ಖಡಾಖಂಡಿತವಾಗಿ ಹೇಳಿದ್ದಳು: “ಸಂಕ್ರಾಂತಿ ತನಕ ನೋಡ್ತೀನಿ. ಆಮೇಲೆ ನಾನೇ ಬರ್ತೀನಿ. ಮಕ್ಕಳು ಸೊರಗಿದ್ರೆ ಎರಡನ್ನೂ ಕರ್ಕೊಂಡು ಬಂದುಬಿಡ್ತೀನಿ. ನೀವಿಬ್ಬರೂ ಅಲ್ಲೇ ಬಿಸಿಲು ಕಾಯಿಸ್ಕೊಂಡು ಇರಿ.”

ನಾನು ನಕ್ಕೆ. ಗೀತಾ ನಗಲಿಲ್ಲ. ಸಂಕ್ರಾಂತಿಗೆ ಎಷ್ಟು ತಿಂಗಳು ಎಂದು ಬೆರಳು ಮಡಚುತ್ತಿದ್ದಳು.

ರಾಯಚೂರಿನಿಂದ ಮಾನ್ವಿಗೆ ಬಸ್ಸು. ಕಲ್ಮಲ ದಾಟಿದ ಮೇಲೆ ಕಿಟಕಿಯಲ್ಲಿ ಕಂಡ ನೆಲಕ್ಕೆ ನಾನು ಬಾಯಿ ಬಿಟ್ಟುಕೊಂಡು ಕೂತೆ. ನಮ್ಮ ಕಡೆ ನೆಲ ಎಂದರೆ ಕೆಂಪು, ಅದಕ್ಕೆ ಬೇರೆ ಬಣ್ಣ ಇರಬಹುದು ಎಂದು ಯೋಚಿಸಿಯೇ ಇರಲಿಲ್ಲ. ಇಲ್ಲಿ ದಿಗಂತದ ತನಕ ಕರಿ ನೆಲ, ಬೇಸಗೆಗೆ ಬಾಯಿಬಿಟ್ಟು, ಕೋಳಿ ಬಿದ್ದರೆ ಸಿಗದಷ್ಟು ಬಿರುಕು. “ಇಲ್ಲಿ ಎಲ್ಲಾ ಸುಟ್ಟುಹೋಗಿದೆ” ಎಂದಳು ಗೀತಾ. ಪಕ್ಕದಲ್ಲಿದ್ದ ಮುದುಕರೊಬ್ಬರು ಅವಳ ಕಡೆ ಬಗ್ಗಿ, “ಸುಟ್ಟಿಲ್ಲವ್ವಾ, ಇದು ಎರಿ ಭೂಮಿ. ಬಂಗಾರ ಬೆಳೀತದ” ಅಂದರು. ಬಂಗಾರ ಅಗೆಯುವ ಊರಿನಿಂದ ಬಂದ ಹುಡುಗಿ ಅವರನ್ನು ನಂಬದೆ ನೋಡಿದಳು.

ಮನೆ ಸಿಕ್ಕಿದ್ದು ಶರಣಮ್ಮನವರ ವಠಾರದಲ್ಲಿ. ಅವರ ಗಂಡುಮಕ್ಕಳು ಅಕ್ಕಿ ಗಿರಣಿ ನಡೆಸುತ್ತಿದ್ದರು. ಅರವತ್ತು ದಾಟಿದ ಶರಣಮ್ಮ ಹಣೆ ತುಂಬ ವಿಭೂತಿ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತು ಬೀದಿ ನಡೆಸುತ್ತಿದ್ದರು. ಮನೆಗೆ ಮಣ್ಣಿನ ಮಾಳಿಗೆ, ಮೊಳದಷ್ಟು ದಪ್ಪದ ಗೋಡೆ. ನಮ್ಮ ಗಣಿ ಲೈನಿನ ಮನೆಗಳ ತಗಡಿನ ಮಾಡಿನ ಕೆಳಗೆ ಮಳೆ ಬಂದರೆ ಮಾತು ಕೇಳುತ್ತಿರಲಿಲ್ಲ, ಇಲ್ಲಿ ಒಳಗೆ ಹೋದರೆ ಬೀದಿಯೇ ಕೇಳುವುದಿಲ್ಲ. ಶರಣಮ್ಮನವರು ಮೊದಲ ದಿನವೇ ಷರತ್ತು ಹಾಕಿದರು.

“ನೋಡ್ರಿ ತಮ್ಮಾ, ಮನ್ಯಾಗ ಮಾಂಸ, ತತ್ತಿ ತರಂಗಿಲ್ಲ. ಉಳಿದದ್ದು ಏನರ ಮಾಡ್ಕೋರಿ. ನಿಮ್ಮ ಮನಿನೇ ಅಂತ ತಿಳ್ಕೋರಿ.”

ತತ್ತಿ ಎಂದರೆ ಮೊಟ್ಟೆ. ಆಗಲಿ ಅಂದೆ. “ನೀವೇನು ಕೆಲಸ ಮಾಡ್ತೀರಿ?” ಎಂದು ಕೇಳಿದರು. “ಸದ್ಯಕ್ಕೆ ಮಕ್ಕಳನ್ನ ನೋಡ್ಕೊಳ್ತೀನಿ” ಅಂದೆ. ಅವರು ನನ್ನನ್ನು ತಲೆಯಿಂದ ಕಾಲಿನ ತನಕ ಒಮ್ಮೆ ನೋಡಿ, “ಹೌದೇನು? ಛಲೋ ಆತು” ಎಂದರು. ಅವರಿಗೆ ಅದು ಛಲೋ ಅನ್ನಿಸಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು.

ಮಾರನೆಯ ಬೆಳಿಗ್ಗೆ ಬೀದಿಯುದ್ದಕ್ಕೂ ಪಟಪಟ ಸದ್ದು. ಯಾರೋ ಯಾರನ್ನೋ ಹೊಡೆಯುತ್ತಿದ್ದಾರೆ ಎಂದು ನಾನು ಲುಂಗಿ ಎತ್ತಿಕಟ್ಟಿ ಹೊರಗೆ ಓಡಿದೆ. ನೋಡಿದರೆ ಮನೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಾರೆ! ನಾನು ಬೇಕರಿಯಲ್ಲಿ ಬೆಳೆದವನು, ಹಿಟ್ಟನ್ನು ನಾದುವುದು ಗೊತ್ತು, ಹಿಟ್ಟಿಗೆ ಹೀಗೆ ಏಟು ಹಾಕುವುದನ್ನು ಕಂಡಿರಲಿಲ್ಲ. ಲಟ್ಟಣಿಗೆ ಇಲ್ಲ, ಎಣ್ಣೆ ಇಲ್ಲ, ಉಬ್ಬಿಸುವ ಪದಾರ್ಥ ಇಲ್ಲ, ಬರಿ ಅಂಗೈ. ಆದರೂ ಹೆಂಚಿನ ಮೇಲೆ ರೊಟ್ಟಿ ಪೂರಿಯ ಹಾಗೆ ಉಬ್ಬುತ್ತದೆ. ನಾನು ಶರಣಮ್ಮನವರ ಸೊಸೆಯರ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣು ಕೀಳದೆ ನೋಡಿದೆ. ಗಂಡಸು ಹಾಗೆ ನಿಂತು ನೋಡಬಾರದು ಎಂದು ಸಂಜೆ ವಿಮಲಾ ಹೇಳಿದ ಮೇಲೆಯೇ ನನಗೆ ಹೊಳೆದದ್ದು.

ರವಿಗೆ ಏನೂ ತೊಂದರೆಯಾಗಲಿಲ್ಲ. ಎರಡನೆಯ ವಾರಕ್ಕೆ ಪಕ್ಕದ ಮನೆಯ ಹೊಸ್ತಿಲಲ್ಲಿ ಕೂತು ರೊಟ್ಟಿ, ಪುಂಡಿಪಲ್ಯ ತಿನ್ನುತ್ತಿದ್ದ. ಪುಂಡಿಪಲ್ಯ ಎಂದರೆ ಹುಳಿಸೊಪ್ಪಿನದು, ಒಂದು ತುತ್ತಿಗೆ ಕಣ್ಣು ಮುಚ್ಚಿಸುವಷ್ಟು ಹುಳಿ. ಗೀತಾ ಮಾತ್ರ ತಟ್ಟೆ ತಳ್ಳಿದಳು. ರೊಟ್ಟಿ ಒರಟು, ಸಾರು ಖಾರ, ನೀರು ಉಪ್ಪು. ಬೆಳಿಗ್ಗೆ ಬಿಸಿ ಬ್ರೆಡ್ ಬೇಕು, ತಾತನ ಒಲೆಯದು. ಅವಳ ಕೈ ಬಳೆಯೊಳಗೆ ಸಡಿಲವಾಗುತ್ತ ಬಂತು. ವಿಮಲಾಳನ್ನು ವಾರದಲ್ಲಿ ಮೂರು ದಿನ ದೇವದುರ್ಗದ ಕಡೆ ಹಳ್ಳಿಗಳಿಗೆ, ಅರಕೇರಾ ಅಲ್ಲಿ ಇಲ್ಲಿ ಎಂದು ಮಕ್ಕಳಿಗೆ ಲಸಿಕೆ ಹಾಕಲು ಕಳಿಸುತ್ತಿದ್ದರು. ಊರ ಮಕ್ಕಳ ತೂಕ ಬರೆದುಕೊಂಡು ಬರುವ ತಾಯಿ, ಮನೆಗೆ ಬಂದು ತನ್ನ ಮಗಳನ್ನು ಎತ್ತಿ ತೂಕ ನೋಡುತ್ತಿದ್ದಳು.

ಮಾನ್ವಿಯಲ್ಲಿ ಬ್ರೆಡ್ ಇರಲಿಲ್ಲವೆಂದಲ್ಲ. ಎಲ್ಲಿ ಸಿಗುತ್ತಿತ್ತು ಹೇಳಿ ನೋಡೋಣ? ಔಷಧಿ ಅಂಗಡಿಯಲ್ಲಿ! ಗ್ಲೂಕೋಸ್ ಡಬ್ಬದ ಪಕ್ಕ, ರಾಯಚೂರಿನಿಂದ ಬಸ್ಸಿನಲ್ಲಿ ಬಂದು ಎರಡು ದಿನ ಕೂತ ಬ್ರೆಡ್. ಅಲ್ಲಿ ಬ್ರೆಡ್ ಎಂದರೆ ಜ್ವರ ಬಂದವರ ಪಥ್ಯ. ನಾನು ಪೊಟ್ಟಣ ಹಿಡಿದು ಬೀದಿಯಲ್ಲಿ ಬಂದರೆ ಪ್ರತಿ ಕಟ್ಟೆಯಿಂದ ಒಂದು ಪ್ರಶ್ನೆ: “ಯಾರಿಗ್ರೀ ಜ್ವರ?” ಗೀತಾ ಅದನ್ನೇ ಡಬ್ಬಿಗೆ ಹಾಕಿಕೊಂಡು ಶಾಲೆಗೆ ಹೋದಳು. ಪಕ್ಕದ ಹುಡುಗಿಯರು ಜ್ವರ ಅಂಟೀತೆಂದು ದೂರ ಸರಿದು ಕೂತರಂತೆ. ಮನೆಗೆ ಬಂದು ಚೀಲ ಎಸೆದಳು.

“ಅಜ್ಜಿಗೆ ಕಾಗದ ಬರಿ. ಸಂಕ್ರಾಂತಿ ತನಕ ಕಾಯೋದು ಬೇಡ, ಈಗಲೇ ಬರ್ಲಿ.”

ಅಷ್ಟು ದಿನ ಅಮ್ಮನ ಮಾತನ್ನು ಹೆದರಿಕೆ ಹಾಕುವ ಮಾತು ಎಂದುಕೊಂಡಿದ್ದೆ. ಈಗ ಮಗಳೇ ಹೋಗಲು ತಯಾರಾಗಿ ನಿಂತಿದ್ದಾಳೆ. ಅವಳನ್ನು ಬಿಟ್ಟಿರಲು ನನ್ನಿಂದ ಆಗುತ್ತಿರಲಿಲ್ಲ. ಸುತ್ತಿ ಬಳಸಿ ಹೇಳುವುದೇನು? ಆ ಹೊಸ ಊರಿನಲ್ಲಿ ದಿನವಿಡೀ ನನ್ನ ಜೊತೆ ನಮ್ಮೂರಿನ ಮಾತಾಡುತ್ತಿದ್ದವಳು ಅವಳೊಬ್ಬಳೇ. ಬ್ರೆಡ್ಡಿಗಾಗಿ ಹೋಗುತ್ತೀಯೇನೇ, ಬ್ರೆಡ್ ನಾನು ಮಾಡುತ್ತೇನೆ, ನಾನು ಯಾರ ಮಗ ಎಂದುಕೊಂಡೆ.

“ಒಲೆ ಕಟ್ಟೋಣ ಬಾ” ಅಂದೆ. “ತಾತನ ಒಲೆ ಥರದ್ದೇ. ಚಿಕ್ಕದು.”

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. “ಬಿಸಿ ಬ್ರೆಡ್ ಬರುತ್ತಾ?”

“ಬರದೆ ಏನು?”

ಹಿತ್ತಲಲ್ಲಿ ಒಲೆ ಕಟ್ಟಲು ಶರಣಮ್ಮನವರು ಒಪ್ಪಿದರು. ಹಿತ್ತಲ ಆಚೆಯ ಹೊಲದಿಂದ ನಾನೂ ಮಕ್ಕಳೂ ಮಣ್ಣು ಹೊತ್ತು ತಂದೆವು. ಎಂಥ ಮಣ್ಣು ಅದು! ನೀರು ಹಾಕಿದರೆ ಬೆಣ್ಣೆ. ಮೂವರೂ ಸೇರಿ ತುಳಿದೆವು. ಈ ಊರಿಗೆ ಬಂದ ಮೇಲೆ ಗೀತಾ ಮೊದಲ ಸಲ ಗಟ್ಟಿಯಾಗಿ ನಕ್ಕಳು. ನಮ್ಮೂರಿನ ಕೆಂಪುಮಣ್ಣಿಗೆ ಇಷ್ಟು ಅಂಟು ಎಲ್ಲಿ, ಈ ಒಲೆ ನೂರು ವರ್ಷ ಬಾಳುತ್ತದೆ ಎಂದು ಮಕ್ಕಳ ಮುಂದೆ ಜಂಬ ಕೊಚ್ಚಿಕೊಂಡೆ. ಒದ್ದೆ ಮರಳಿನ ಗುಡ್ಡೆ ಮಾಡಿ, ಅದರ ಮೇಲೆ ಮಣ್ಣು ಮೆತ್ತಿ, ಗುಮ್ಮಟದ ಹಾಗೆ ದುಂಡಗೆ ನಿಲ್ಲಿಸಿ, ಒಣಗಲು ಬಿಟ್ಟೆವು. ಮೂರನೆಯ ದಿನ ರವಿ ಓಡಿಬಂದು, “ಅಪ್ಪಾ, ಒಲೆಯೊಳಗೆ ನನ್ನ ಕೈ ಹೋಯ್ತು” ಅಂದ. ಬಾಯಿಂದಲ್ಲ, ಗೋಡೆಯಿಂದ! ಹೋಗಿ ನೋಡಿದರೆ ನೆತ್ತಿಯಿಂದ ಬುಡದವರೆಗೆ ಸೀಳು. ಹಠಕ್ಕೆ ಬಿದ್ದು ಸೀಳು ಮೆತ್ತಿ ಬೆಂಕಿ ಹಾಕಿದೆ. ಅದು ನಾಲ್ಕು ಹೋಳಾಗಿ ನಮ್ಮ ಕಣ್ಣೆದುರೇ ಕುಸಿದು ಕೂತಿತು.

ಶರಣಮ್ಮನವರು ಹಿತ್ತಲ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಎಷ್ಟು ನಕ್ಕರೆಂದರೆ ಕಣ್ಣಲ್ಲಿ ನೀರು.

“ಯವ್ವಾ ನನ್ನವ್ವಾ! ಎರಿ ಮಣ್ಣಾಗ ಒಲಿ ಹಾಕ್ಯಾರ ನೋಡ್ರಿ! ತಮ್ಮಾ, ಹೊಲದಾಗ ಅದರ ಬಿರುಕ ನೋಡಿಲ್ಲೇನು? ಹಸಿ ಇದ್ದಾಗ ಉಬ್ಬತದ, ಒಣಗಿದರ ಬಾಯಿ ಬಿಡತದ. ನಮ್ಮ ಸಣ್ಣ ಹುಡುಗುರಿಗೂ ಗೊತ್ತದ ಇದು.”

“ನಮ್ಮೂರಲ್ಲಿ ಮಣ್ಣು ಕೆಂಪು, ಅಮ್ಮಾ.”

“ಕೆಂಪದ, ಹೌದಲ್ರೀ. ಇಲ್ಲಿ ಕರಿ ಅದ. ಹಣಮವ್ವಗ ಹೇಳಿ ಕಳಸ್ತೀನಿ, ತಡೀರಿ.”

ಹಣಮವ್ವ ನೀರಮಾನ್ವಿಯವಳು. ದಿನಾ ನಡೆದು ಬಂದು ಗಿರಣಿಯಲ್ಲಿ ಅಕ್ಕಿ ಕೇರುತ್ತಿದ್ದಳು. ಒಲೆ ಹಾಕುವುದರಲ್ಲಿ ಅವಳ ಕೈಗೆ ಸುತ್ತ ಎಲ್ಲೂ ಸಮ ಇರಲಿಲ್ಲ. ಮರುದಿನ ಬಂದು, ಬಿದ್ದ ಒಲೆಯನ್ನು ಸತ್ತವರನ್ನು ನೋಡುವ ಹಾಗೆ ನೋಡಿದಳು. ನನಗೆ ಬೇಕಾದ ಆಕಾರವನ್ನು ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದೆ.

“ಬಾಗಲ ಒಂದ, ಮ್ಯಾಲ ತೂತಿಲ್ಲ, ಗಡಿಗಿ ಇಡಾಕ ಜಾಗಿಲ್ಲ. ಇದು ಒಲಿನೋ ಗುಡಿನೋ, ಯಪ್ಪಾ?”

“ಒಳಗೆ ಬೆಂಕಿ ಹಾಕಿ, ಕಾದ ಮೇಲೆ ಕೆಂಡ ಎಳೆದುಬಿಡೋದು. ಆಮೇಲೆ ಒಳಗೆ ಹಿಟ್ಟು ಇಡೋದು.”

“ಬೆಂಕಿ ತಗದ ಮ್ಯಾಲ ಬೇಯಸ್ತೀರಿ?” ಅವಳು ಗಲ್ಲಕ್ಕೆ ಕೈ ಇಟ್ಟಳು. “ಹಂಗೂ ಅದ ಏನು? ನೋಡೇಬಿಡೋಣ ತಗೋರಿ.”

ಅವಳು ಹೇಳಿದ್ದು ಹುತ್ತದ ಮಣ್ಣು. ಗೀತಾಳನ್ನೂ ರವಿಯನ್ನೂ ಕರೆದುಕೊಂಡು ಹಳ್ಳದ ದಂಡೆಗೆ ಹೋದಳು, ನಾನು ಬುಟ್ಟಿ ಹೊತ್ತು ಹಿಂದೆ. ಹಾವಿರುವ ಹುತ್ತ ಯಾವುದು, ಬಿಟ್ಟುಹೋದ ಹುತ್ತ ಯಾವುದು ಎಂದು ನೋಡಿದಳು. ಮಕ್ಕಳ ಕೈಯಲ್ಲಿ ಕೈಮುಗಿಸಿದಳು. ಮೇಲಿನದು ಮಾತ್ರ ಕೆದರಿ ತೆಗೆದು, ಅರ್ಧ ಹುತ್ತವನ್ನು ಹಾಗೇ ಬಿಟ್ಟಳು. “ಎಲ್ಲಾ ತಗೋಬಾರದು” ಅಂದಳು. ಯಾಕೆ ಎಂದು ಗೀತಾ ಕೇಳಿದ್ದಕ್ಕೆ, “ಕಟ್ಟಿದ ಹುಳಕ್ಕ ಮನಿ ಬ್ಯಾಡೇನು?” ಎಂದಳು. ಗಿರಣಿಯಿಂದ ಭತ್ತದ ಹೊಟ್ಟು ಬಂತು, ಟಾಂಗಾ ನಿಲ್ಲುವ ಜಾಗದಿಂದ ಕುದುರೆ ಲದ್ದಿ. ಲದ್ದಿ ಆರಿಸುವ ಕೆಲಸ ರವಿಗೆ ಎಷ್ಟು ಹಿಡಿಸಿತೆಂದರೆ ಒಂದು ವಾರ ಅವನು ಬೇರೆ ಮಾತೇ ಆಡಲಿಲ್ಲ.

ನಮ್ಮಲ್ಲಿ ಮರಳಿನ ಗುಡ್ಡೆ ಮಾಡುತ್ತೇವೆ ಎಂದೆ. ಅವಳು ತಲೆಯಾಡಿಸಿ, ಹರಕು ಬುಟ್ಟಿಯೊಂದನ್ನು ಡಬ್ಬು ಹಾಕಿ, ಅದರ ಮೇಲೆ ಮಣ್ಣು ಮೆತ್ತಿದಳು. ದಿನಕ್ಕೆ ಒಂದೇ ಪದರ, ಬೆರಳು ದಪ್ಪ. ಅದು ಅರೆ ಒಣಗಿದಾಗ ಹಳ್ಳದ ನುಣುಪು ಕಲ್ಲಿನಿಂದ ಉಜ್ಜಬೇಕು, ಆಮೇಲೆ ಇನ್ನೊಂದು ಪದರ. ಮೊದಲ ಬೆಂಕಿಗೆ ಒಳಗಿನ ಬುಟ್ಟಿ ತಾನೇ ಸುಟ್ಟುಹೋಗುತ್ತದೆ. ನನ್ನ ಅಪ್ಪನಿಗೆ ಇದನ್ನು ತೋರಿಸಬೇಕಿತ್ತು ಅನ್ನಿಸಿತು. ಉಜ್ಜುವ ಕೆಲಸ ಗೀತಾಳದು. ಶಾಲೆಯಿಂದ ಬಂದವಳೇ ಕಲ್ಲು ಹಿಡಿದು ಕೂರುತ್ತಿದ್ದಳು. ಬೀದಿಯ ಹುಡುಗಿಯರು ಒಬ್ಬೊಬ್ಬರೇ ಬಂದು ಪಕ್ಕ ಕೂತು ತಾವೂ ಉಜ್ಜಿದರು. ಅವಳನ್ನು ಜ್ವರದವಳು ಎಂದಿದ್ದ ಪೀರಮ್ಮ ಎಂಬ ಹುಡುಗಿಯೇ ಎಲ್ಲರಿಗಿಂತ ಮುಂದೆ.

ಒಂದು ಮಾತು ಹೇಳಬೇಕು. ಅಷ್ಟು ದಿನ ಕೆಲಸ ಮಾಡಿದ ಹಣಮವ್ವ ಒಮ್ಮೆಯೂ ಶರಣಮ್ಮನವರ ಕಟ್ಟೆ ಏರಲಿಲ್ಲ. ನೀರು ಕೇಳಿದರೆ ಮೇಲಿನಿಂದ ಅವಳ ಬೊಗಸೆಗೆ ಸುರಿಯುತ್ತಿದ್ದರು. ಒಲೆಗೆ ಅವಳ ಕೈ ಬೇಕು, ಕೊಡಕ್ಕೆ ಬೇಡ. ನನಗೆ ಸಿಟ್ಟು ಬಂತು. ನಮ್ಮ ಬೇಕರಿಗೆ ಸೌದೆ ತರುವವರಿಗೆ ನಮ್ಮ ಅಮ್ಮ ಬೇರೆ ಲೋಟ ಇಟ್ಟಿದ್ದು ನೆನಪಾಗಿ, ಆ ಸಿಟ್ಟನ್ನು ಯಾರ ಮೇಲೆ ತೋರಿಸಬೇಕೋ ತಿಳಿಯಲಿಲ್ಲ. ಅಲ್ಲಿದ್ದಾಗ ನಾನು ಆ ಲೋಟವನ್ನು ದಿನವೂ ನೋಡಿದ್ದೆ, ಒಮ್ಮೆಯೂ ಯಾಕೆ ಎಂದು ಕೇಳಿರಲಿಲ್ಲ. ಆ ದಿನದಿಂದ ನಮ್ಮ ಮನೆಯ ತಂಬಿಗೆಯನ್ನೇ ಅವಳ ಕೈಗೆ ಕೊಟ್ಟೆ.

ಒಲೆಯೇನೋ ಆಯಿತು, ಹಿಟ್ಟು ಉಬ್ಬಬೇಕಲ್ಲ? ನನ್ನ ಅಪ್ಪ ಹಿಟ್ಟು ಹುಳಿ ಬರಿಸುತ್ತಿದ್ದದ್ದು ಹೆಂಡದಿಂದ. ಮುಂಜಾನೆ ಇಳಿಸಿದ ತಾಜಾ ಹೆಂಡ ಒಂದು ಪಾವು ಇದ್ದರೆ ಇಪ್ಪತ್ತು ಬ್ರೆಡ್ ಎದ್ದು ಕೂರುತ್ತವೆ. ಮಾನ್ವಿಯಲ್ಲಿ ಅದಕ್ಕೆ ಸೇಂದಿ ಅನ್ನುತ್ತಾರೆ. ನಾನು ಹಿಂದೆಮುಂದೆ ನೋಡದೆ, ಒಂದು ಕೈಯಲ್ಲಿ ಕ್ಯಾನು, ಇನ್ನೊಂದು ಕೈಯಲ್ಲಿ ರವಿಯನ್ನು ಹಿಡಿದು, ಬೆಳಿಗ್ಗೆ ಏಳಕ್ಕೇ ಸೇಂದಿ ಅಂಗಡಿಯ ಮುಂದೆ ಹೋಗಿ ನಿಂತೆ. ನಮ್ಮೂರಲ್ಲಿ ಬೇಕರಿಯ ಹುಡುಗ ಹೆಂಡ ತರುವುದನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಇಲ್ಲಿ ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು.

ಶರಣಮ್ಮನವರು ಹಿತ್ತಲ ಬಾಗಿಲಿಗೆ ಅಡ್ಡ ನಿಂತಿದ್ದರು. ನಗು ಇಲ್ಲ.

“ಕೂಸಿನ ಕೈ ಹಿಡ್ಕೊಂಡು ಸೇಂದಿ ತರಾಕ ಹೋಗಿದ್ರೇನು? ಸಿಸ್ಟರ್ ದೇವರಂಥಾಕಿ, ಹಗಲು ರಾತ್ರಿ ದುಡೀತಾಳ. ನಿಮಗ ನಾಚಿಕಿ ಬ್ಯಾಡ?”

“ಅಮ್ಮಾ, ಕುಡಿಯೋಕಲ್ಲ. ಹಿಟ್ಟಿಗೆ.”

“ಹಿಟ್ಟ ಕುಡೀತದೇನು?”

“ಕುಡೀತದ!” ಎಂದ ರವಿ, ಅವರದೇ ಮಾತಿನಲ್ಲಿ.

ಮನೆ ಬಿಡಿ ಅನ್ನುವುದೊಂದು ಬಾಕಿ. ಅಷ್ಟರಲ್ಲಿ ಗೀತಾ ಒಳಗಿನಿಂದ ಮೈದಾ ಬೋಗುಣಿ ಹೊತ್ತು ಬಂದು ಹಿತ್ತಲ ಕಲ್ಲಿನ ಮೇಲೆ ಇಟ್ಟಳು. ಎಲ್ಲರ ಎದುರೇ ಹಿಟ್ಟಿಗೆ ಸೇಂದಿ ಸುರಿದು, ತನ್ನ ಪುಟ್ಟ ಮುಷ್ಟಿಯಿಂದ ನಾದಿದಳು. ಉಳಿದ ಸೇಂದಿಯ ಕ್ಯಾನನ್ನು ನಾನು ಶರಣಮ್ಮನವರ ಕಾಲ ಬಳಿಯೇ ಇಟ್ಟೆ, ಎಷ್ಟು ಉಳಿದಿದೆ ನೋಡಿಕೊಳ್ಳಲಿ ಎಂದು. ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿದೆವು. ಶರಣಮ್ಮನವರು ಅಲ್ಲೇ ಕೂತರು, ಮೊದಲು ನಮ್ಮನ್ನು ಕಾಯಲು, ಆಮೇಲೆ ಹಿಟ್ಟನ್ನು ಕಾಯಲು. ಒಂದು ಗಂಟೆಯಲ್ಲಿ ಬಟ್ಟೆ ಮೇಲೇರತೊಡಗಿತು. ಅವರು ಬಗ್ಗಿ ನೋಡಿದರು, ಒಂದು ಬೆರಳಿನಿಂದ ಬಟ್ಟೆ ಸರಿಸಿದರು.

“ಯವ್ವಾ, ಉಸಿರಾಡಾಕತ್ತದ ಇದು!”

ಕೊನೆಗೆ ತೀರ್ಪು ಕೊಟ್ಟರು: ಸೇಂದಿ ಹೊಸ್ತಿಲು ದಾಟಿ ಒಳಗೆ ಬರಕೂಡದು, ಕ್ಯಾನು ಹಿತ್ತಲಲ್ಲೇ ಇರಬೇಕು, ಮಗುವನ್ನು ಮತ್ತೆ ಆ ಅಂಗಡಿಗೆ ಕರೆದೊಯ್ಯಬಾರದು. ಮೂರಕ್ಕೂ ತಲೆಬಾಗಿದೆ.

ಜಾಲಿ ಕಟ್ಟಿಗೆ, ಹತ್ತಿ ಕಡ್ಡಿ ತುಂಬಿ ಬೆಂಕಿ ಹಾಕಿದೆವು. ಒಳಗಿನ ಬುಟ್ಟಿ ಚಟಚಟ ಸುಟ್ಟಿತು. ಒಂದು ಬಿರುಕೂ ಇಲ್ಲ. ಕೆಂಡ ಎಳೆದು, ಒದ್ದೆ ಗೋಣಿಯಿಂದ ನೆಲ ಒರೆಸಿ, ಕಾವು ನೋಡಲು ನಾನು ಒಲೆಯ ಬಾಯಲ್ಲಿ ಕೈ ಹಿಡಿದೆ. ಬೀದಿಯ ಮಕ್ಕಳೆಲ್ಲ ಕೂಗಿ ಎಣಿಸಿದರು. ಇಪ್ಪತ್ತರ ತನಕ ಕೈ ತಾಳಿದರೆ ಬ್ರೆಡ್ಡಿಗೆ ಹದ, ಇದು ನನ್ನ ಅಪ್ಪನ ಅಳತೆ. ಮಕ್ಕಳು ಬೇಕೆಂದೇ ನಿಧಾನ ಎಣಿಸಿ ನನ್ನನ್ನು ಕುಣಿಸಿದರು. ಕತ್ತರಿಸಿದ ವನಸ್ಪತಿ ಡಬ್ಬಗಳಲ್ಲಿ ಹಿಟ್ಟು ಇಟ್ಟು, ಬಾಯಿಗೆ ಕಲ್ಲು ಮುಚ್ಚಿ, ಸಂದಿಗೆ ಮಣ್ಣು ಮೆತ್ತಿದೆವು. ಮುಕ್ಕಾಲು ಗಂಟೆ ಹನ್ನೆರಡು ಮಕ್ಕಳು ಒಂದು ಕಲ್ಲನ್ನು ನೋಡುತ್ತ ಕೂತಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ತೆಗೆದಾಗ ಬ್ರೆಡ್ಡಿನ ನೆತ್ತಿ ಕಂದು, ತಟ್ಟಿದರೆ ಟೊಳ್ಳು ಸದ್ದು. ಅಪ್ಪನ ಬ್ರೆಡ್ಡೇ! ವಾಸನೆ ಕೂಡ ಕೂದಲೆಳೆ ಆಚೀಚೆ ಇಲ್ಲ. ನಾನು ಗೆದ್ದೆ ಅಂದುಕೊಂಡೆ. ಮೊದಲ ತುಂಡು ಹಣಮವ್ವನಿಗೆ. ಅವಳು ಬಹಳ ಹೊತ್ತು ಅಗಿದು, “ಹತ್ತಿ ತಿಂದಂಗ ಅದ. ಆದರ ಹತ್ತಿ ಛಲೋ ಅದ” ಎಂದಳು. ಶರಣಮ್ಮನವರು ಮುಟ್ಟಲಿಲ್ಲ, ಮೂಗು ಮಾತ್ರ ಹತ್ತಿರ ತಂದರು. “ಜ್ವರ ಇಲ್ಲದವರು ತಿನ್ನಬಹುದೇನ್ರಿ?” ಎಂದು ಪೀರಮ್ಮ ಕೇಳಿ, ಉತ್ತರಕ್ಕೆ ಕಾಯದೆ ತಿಂದಳು.

ಗೀತಾ ತನ್ನ ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಕಚ್ಚಿದಳು. ಆಮೇಲೆ ಬಿಕ್ಕಿಬಿಕ್ಕಿ ಅಳತೊಡಗಿದಳು.

“ಯಾಕಮ್ಮಾ? ಸುಟ್ಟಿತಾ? ಚೆನ್ನಾಗಿಲ್ವಾ?”

“ಚೆನ್ನಾಗಿದೆ” ಎಂದಳು. “ತಾತಂದೇ ಥರ ಇದೆ. ಅಪ್ಪಾ, ನಾನು ಮನೆಗೆ ಹೋಗ್ತೀನಿ.”

ಎಂಥ ಪೆದ್ದ ನಾನು! ಬ್ರೆಡ್ ಕೊಟ್ಟರೆ ಊರು ಮರೆಯುತ್ತಾಳೆ ಎಂದು ಲೆಕ್ಕ ಹಾಕಿದ್ದೆ. ಅವಳು ಮಸುಕಾಗಿ ಮರೆಯುತ್ತಿದ್ದ ಅಡುಗೆಮನೆ, ಅಜ್ಜಿ, ತಾತ, ಬೆಳಗಿನ ಚಳಿ ಎಲ್ಲವನ್ನೂ ನಾನೇ ಕೈಯಾರೆ ಬಿಸಿ ಮಾಡಿ ಅವಳ ಬಾಯಿಗೆ ಇಟ್ಟಿದ್ದೆ. ಆ ಬ್ರೆಡ್ ಸ್ವಲ್ಪ ಕೆಟ್ಟಿದ್ದರೆ ಅವಳು ಉಳಿಯುತ್ತಿದ್ದಳೋ ಏನೋ.

ಬಿಡಲಿಲ್ಲ ನಾನು. ವಾರಕ್ಕೆ ಎರಡು ದಿನ ಒಲೆ ಹಚ್ಚಿದೆವು. ಅಪ್ಪನ ಬ್ರೆಡ್ಡಿನಿಂದ ದೂರ ಸರಿಯಲು ನೋಡಿದೆ: ಮೈದಾಕ್ಕೆ ಜೋಳದ ಹಿಟ್ಟು ಬೆರೆಸಿದೆ, ಇಟ್ಟಿಗೆಯಾಯಿತು. ಬೆಲ್ಲ, ಶೇಂಗಾ, ಎಳ್ಳು ಹಾಕಿ ಮೊಟ್ಟೆಯಿಲ್ಲದ ಬಿಸ್ಕತ್ತು ಮಾಡಿದೆವು, ಅದು ಗೆದ್ದಿತು. ಅದರಲ್ಲಿ ಸೇಂದಿ ಇಲ್ಲವಾದ್ದರಿಂದ ಶರಣಮ್ಮನವರೂ ಒಂದು ಮುರಿದು ಬಾಯಿಗೆ ಹಾಕಿಕೊಂಡರು. ರವಿ ಹಿಟ್ಟಿನಲ್ಲಿ ಹಾವು ಮಾಡಿದ, ಪೀರಮ್ಮ ಎತ್ತು ಮಾಡಿದಳು. ಗೀತಾ ಎಲ್ಲರಿಗೂ ನಾದುವುದು ಕಲಿಸಿದಳು, ಬೈದಳು, ನಕ್ಕಳು, ಉಂಡಳು, ಮೈ ತುಂಬಿಕೊಂಡಳು. ನೋಡಿದವರು ಇವಳು ಇಲ್ಲೇ ಬೇರು ಬಿಟ್ಟಳು ಅನ್ನಬೇಕು. ನಾನೂ ಹಾಗೇ ನಂಬಿದ್ದೆ.

ಸಂಕ್ರಾಂತಿಗೆ ಅಮ್ಮ ಬಂದಳು. ಮಕ್ಕಳನ್ನು ಹಿಂದೆಮುಂದೆ ತಿರುಗಿಸಿ ನೋಡಿದಳು. ಒಲೆಯನ್ನು ನೋಡಿದಳು, ಕೈಯಿಂದ ಸವರಿದಳು, “ನಿಮ್ಮಪ್ಪನ ಒಲೆಗಿಂತ ನುಣುಪಾಗಿದೆಯಲ್ಲೋ” ಎಂದಳು.

“ಮಕ್ಕಳು ಸೊರಗಿಲ್ಲ. ನಾನು ಸೋತೆ ಬಿಡು. ಇಲ್ಲೇ ಇರ್ಲಿ.”

ನನಗೆ ಹೋದ ಜೀವ ಬಂದ ಹಾಗಾಯಿತು. ಆಗ ಗೀತಾ ಒಳಗಿನಿಂದ ತನ್ನ ಬಟ್ಟೆಯ ಗಂಟು ತಂದು ಅಜ್ಜಿಯ ಪಕ್ಕ ಇಟ್ಟಳು. ಯಾವಾಗ ಕಟ್ಟಿದ್ದಳೋ!

“ನಾನು ಅಜ್ಜಿ ಜೊತೆ ಹೋಗ್ತೀನಿ. ಸೊರಗಿಲ್ಲ, ಆದ್ರೂ ಹೋಗ್ತೀನಿ.”

ವಿಮಲಾ ಬುದ್ಧಿ ಹೇಳಿದಳು, ನಾನು ಗದರಿದೆ, ಆಮೇಲೆ ಕಾಡಿ ಬೇಡಿದೆ. ಅವಳು ಅತ್ತಳೇ ಹೊರತು ಗಂಟು ಬಿಚ್ಚಲಿಲ್ಲ. ವಿಮಲಾ ನನ್ನನ್ನು ಪಕ್ಕಕ್ಕೆ ಕರೆದು, “ನೀವು ನಿಮ್ಮ ಒಂಟಿತನಕ್ಕೆ ಅವಳನ್ನ ಇಟ್ಕೋಬೇಡಿ” ಅಂದಳು. ಆ ಮಾತು ಚುಚ್ಚಿತು, ನಿಜವಾಗಿದ್ದರಿಂದ ಚುಚ್ಚಿತು. ಬಸ್ಸು ಹತ್ತಿಸಲು ಬೀದಿಗೆ ಬೀದಿಯೇ ಬಂದಿತ್ತು. ಶರಣಮ್ಮನವರು ಅವಳ ಕೈಗೆ ಬೆಲ್ಲದ ಉಂಡೆ ಕೊಟ್ಟು, “ದೌಡ ಬಾ ಕೂಸ, ಒಲಿ ನಿನ್ನ ಹಾದಿ ನೋಡ್ತದ” ಎಂದರು. ಹಣಮವ್ವ ದೂರ ನಿಂತು ಕಣ್ಣು ಒರೆಸಿಕೊಂಡಳು.

ಮಗಳಿಲ್ಲದ ಒಲೆಯನ್ನು ನಾನು ಒಡೆಯಬೇಕೆಂದಿದ್ದೆ. ಮಕ್ಕಳು ಬಿಡಲಿಲ್ಲ, ಬಿಸ್ಕತ್ತು ಯಾವಾಗ ಎಂದು ಬಾಗಿಲು ಬಡಿದರು. ಆಸ್ಪತ್ರೆಯವರು ರೋಗಿಗಳಿಗೆ ತಾಜಾ ಬ್ರೆಡ್ ಕೇಳಿದರು. ನಾದಿದೆ, ಸುಟ್ಟೆ. ಎಂಟು ತಿಂಗಳಲ್ಲಿ ನನ್ನನ್ನು ಸಿಸ್ಟರ್ ಗಂಡ ಎಂದು ಕರೆಯುವುದು ನಿಂತು, ಬ್ರೆಡ್ ಮಾಸ್ತರ ಎಂದು ಕರೆಯತೊಡಗಿದರು. ಹಿರಿಯರನ್ನು ಯವ್ವಾ, ಯಪ್ಪಾ ಎಂದು ಕರೆಯುವುದು ನನಗೂ ಬಾಯಿಗೆ ಬಂತು. ಬೆಳಗಿನ ಪಟಪಟ ಸದ್ದು ತಡವಾದರೆ ಇವರಿಗೆಲ್ಲ ಏನಾಯಿತು ಎಂದು ಎದ್ದು ಕೂರುತ್ತಿದ್ದೆ.

ದಸರೆಗೆ ಗೀತಾಳನ್ನು ನೋಡಲು ಊರಿಗೆ ಹೋದೆ. ಬಂಗಾರಪೇಟೆಯಲ್ಲಿ ರೈಲಿಳಿದಾಗ ಚಳಿಗೆ ಹಲ್ಲು ಕಟಕಟ ಎಂದಿತು. ಇದೇ ಚಳಿಯಲ್ಲಿ ನಾನು ಇಪ್ಪತ್ತೆಂಟು ವರ್ಷ ಬನಿಯನ್ನಿನಲ್ಲಿ ಓಡಾಡಿದ್ದೆ. ಅಮ್ಮ ಬ್ರೆಡ್ ಇಟ್ಟಳು. ಎರಡು ತುಂಡು ತಿಂದು ಸಾಕು ಅಂದೆ, ನಾಲಿಗೆ ಖಾರ ಕೇಳುತ್ತಿತ್ತು. ಅಣ್ಣನ ಒಲೆಯ ಮುಂದೆ ಗೀತಾ ಅಣ್ಣನ ಮಕ್ಕಳ ಜೊತೆ ಹಿಟ್ಟು ಉಂಡೆ ಕಟ್ಟುತ್ತಿದ್ದಳು, ಮೂಗಿನ ಮೇಲೆ ಮೈದಾ, ಕೆನ್ನೆ ಕೆಂಪಗೆ. ನನ್ನನ್ನು ಕಂಡು ಓಡಿಬಂದು ಕುತ್ತಿಗೆಗೆ ಜೋತುಬಿದ್ದಳು. ರವಿ ಹೇಗಿದ್ದಾನೆ, ಅಮ್ಮ ಯಾಕೆ ಬರಲಿಲ್ಲ, ಪೀರಮ್ಮನಿಗೆ ನಾದಲು ಬಂತಾ, ಒಲೆ ಒಡೆದಿಲ್ಲ ತಾನೆ, ಒಂದೇ ಉಸಿರಿಗೆ ಎಲ್ಲ ಕೇಳಿದಳು. ನಾನು ಹುಟ್ಟಿದ ಮನೆಯ ಪಡಸಾಲೆಯಲ್ಲಿ, ನಾನು ಹೊರಳಾಡಿ ಬೆಳೆದ ನೆಲದ ಮೇಲೆ, ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದೊಂದಕ್ಕೂ ಉತ್ತರ ಹೇಳಿದೆ. ಬಾ ಎಂದು ಕರೆಯಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅವಳ ಕೆನ್ನೆ ನೋಡಿ ಆ ಮಾತು ಬಾಯಿಂದ ಹೊರಡಲಿಲ್ಲ.

ಅವಳು ನನ್ನ ಅಂಗಿಯ ಗುಂಡಿ ತಿರುಗಿಸುತ್ತ ಕೇಳಿದಳು:

“ಅಪ್ಪಾ, ಇನ್ನು ಎಷ್ಟು ದಿನ ಇರ್ತೀಯ? ನಿಮ್ಮೂರಿಗೆ ಯಾವಾಗ ವಾಪಸ್ ಹೋಗ್ತೀಯ?”

ಬಾಗಿಲಲ್ಲಿ ನಿಂತಿದ್ದ ಅಮ್ಮ ನನ್ನ ಮುಖ ನೋಡಿದಳು. ಇದೇ ಕಣೇ ನನ್ನೂರು ಎಂದು ಹೇಳಲು ಬಾಯಿ ತೆರೆದೆ.

“ಸೋಮವಾರ” ಅಂದೆ.